ಅಭಿಮಾನಿಯ ಕೋಪ

ಧರ್ಮಸ್ಥಳದಿಂದ ಬೆಳ್ತಂಗಡಿಯ ಮಾರ್ಗವಾಗಿ ಮೂಡುಬಿದಿರೆಗೆ ಹೊರಟರೆ ನಡುವೆ ವೇಣೂರು ಸಿಕ್ಕುವುದು. ಮಳೆಗಾಲ ಕಳೆದು ಬೆಳೆ ಮನೆ ಸೇರಿದ ಮೇಲೆ ಈ ಸೀಮೆಯಲ್ಲೆಲ್ಲ ಕಂಬಳದ ಸಂಭ್ರಮ. ಕೆಸರು ತುಂಬಿದ ಜೋಡು ಕರೆಗಳಲ್ಲಿ ಕೋಣಗಳು ಧಾವಿಸುವಾಗ ಅಂಚಿನಲ್ಲಿ ನಿಂತ ಸಾವಿರಾರು ಜನರ ಕೂಗು ಮುಗಿಲು ಮುಟ್ಟುವುದು. ಯಾರ ಕೋಣ ಮೊದಲು ಗುರಿ ತಲುಪಿತೆಂದು ವಾದಗಳೇಳುವುದೂ ಸಹಜವೆ. ಅದಕ್ಕೆ ಎಡೆಗೊಡದಂತೆ ಇತ್ತೀಚಿನ ವರ್ಷಗಳಲ್ಲಿ ಲೇಸರ್ ಕಿರಣದಿಂದ ಗೆಲುವನ್ನು ನಿರ್ಣಯಿಸುವ ಏರ್ಪಾಡು ಬಂದಿದೆ.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ, ಮೂಡುಬಿದಿರೆಗೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ, ‘ನೂರು ಮೀಟರಿಗೆ 9.55 ಸೆಕೆಂಡು’ ಎಂದರು. 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು! ಮುಂದೆ ಎಳೆಯುವ ಕೋಣಗಳೊಡನೆ ಕೆಸರಿನಲ್ಲಿ ಓಡುವುದಕ್ಕೂ ಒಬ್ಬನೇ ಹಾದಿಯ ಮೇಲೆ ಓಡುವುದಕ್ಕೂ ಹೋಲಿಕೆ ಸಲ್ಲದೆಂದು ಕೆಲವರು, ಸಲ್ಲುವುದೆಂದು ಹಲವರು ವಾದಕ್ಕಿಳಿದರು. ಗೌಡರು ಮಾತ್ರ, ಬೋಲ್ಟ್ ವಿಶ್ವವಿಜೇತರು, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ಶಾಂತವಾಗಿ ಉತ್ತರಿಸಿದರು. ಓಡಿದವರಿಗೆ ಇಲ್ಲದ ಬಿಸಿ ನೋಡಿದವರಿಗೆ ಏಕೆ ಏರಿತು? ಇದು ಮನಶ್ಶಾಸ್ತ್ರದ ಪ್ರಶ್ನೆ. ಕಾಲ್ಚೆಂಡಿನ ಆಟದಲ್ಲಿ ಈ ಬಿಸಿ ಎಷ್ಟೋ ಪಾಲು ಹೆಚ್ಚು.

2023ರ ಮಾರ್ಚ್ 3ರ ರಾತ್ರಿಯನ್ನು ನೋಡೋಣ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು ಎದುರಾಗಿದ್ದವು. ಹೆಚ್ಚುವರಿ ವೇಳೆಯ ಆಟದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ತಡೆಗೋಡೆ ಕಟ್ಟಿಕೊಳ್ಳುವ ಮೊದಲೆ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಒದ್ದರು. ರೆಫರಿ ಗೋಲೆಂದು ಸಾರಿದರು. ಕೇರಳದ ತಂಡ ಪ್ರತಿಭಟಿಸಿ ಮೈದಾನದಿಂದ ಹೊರನಡೆಯಿತು. ತರುವಾಯ ಅಖಿಲ ಭಾರತ ಫುಟ್ಬಾಲ್ ಸಂಸ್ಥೆಯು ಆ ತಂಡಕ್ಕೆ 4 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಆದರೆ ದಂಡದಿಂದ ಜಗಳ ತೀರಲಿಲ್ಲ. ಅದು ಜನರ ಕೈಯಲ್ಲಿನ ದೂರವಾಣಿಗಳಿಗೆ ಹರಿದು, ಛೆಟ್ರಿಯವರ ಮೇಲೆ ನಿಂದೆಯ ಮಳೆ ಸುರಿಯಿತು.

ಎರಡು ಪಕ್ಷದವರಲ್ಲಿ ಒಬ್ಬರು ಬೇಕೆಂದೇ ಸುಳ್ಳಾಡುತ್ತಿದ್ದರೆಂದು ತಿಳಿಯಬೇಕಾಗಿಲ್ಲ. 1951ರ ನವೆಂಬರಿನಲ್ಲಿ ಅಮೆರಿಕದ ಡಾರ್ಟ್ಮತ್ ಮತ್ತು ಪ್ರಿನ್ಸ್ಟನ್ ವಿದ್ಯಾಸಂಸ್ಥೆಗಳ ನಡುವೆ ಆ ದೇಶದ ಮಾದರಿಯ ಫುಟ್ಬಾಲ್ ಪಂದ್ಯವೊಂದು ನಡೆಯಿತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ವಿದ್ವಾಂಸರು ಆಟದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಎಣಿಸಹೇಳಿದರು. ಡಾರ್ಟ್ಮತ್ ತಂಡ ಮಾಡಿದ ತಪ್ಪುಗಳೆಂದು ಅದರ ಸ್ವಂತ ವಿದ್ಯಾರ್ಥಿಗಳು ಎಣಿಸಿದ್ದು ಸರಾಸರಿ 4.3, ಪ್ರಿನ್ಸ್ಟನ್ನಿನವರು ಎಣಿಸಿದ್ದು 9.8! ಚಿತ್ರವೊಂದೆ, ನೋಡಿದ ಕಣ್ಣುಗಳು ಬೇರೆ. 1954ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಓದಿದ ಮೇಲೆ ಕಂಠೀರವದ ಆ ಗೋಲಿನ ಬಗ್ಗೆ ಅಷ್ಟೊಂದು ಖಚಿತವಾಗಿ ಮಾತನಾಡುವ ಧೈರ್ಯ ನನಗಂತೂ ಉಳಿದಿಲ್ಲ.

ಕಣ್ಣನ್ನು ಹೀಗೆ ಬಾಗಿಸುವುದು ‘ನಾವು’ ಎಂಬ ಭಾವ. ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಗಮನಿಸಿದಂತೆ, ಕಾಲೇಜಿನ ತಂಡ ಗೆದ್ದ ಮೇಲಿನ ಸೋಮವಾರ ಕಾಲೇಜಿನ ಹೆಸರಿರುವ ಉಡುಪು ತೊಡುವವರು ಹೆಚ್ಚುತ್ತಿದ್ದರು. ‘ನಾವು ಗೆದ್ದೆವು’ ಎನ್ನುವ ವಿದ್ಯಾರ್ಥಿಯೇ ಸೋತಾಗ ‘ಅವರು ಸೋತರು’ ಎನ್ನುವ ಪ್ರವೃತ್ತಿಯೂ ಕಂಡಿತು. ಈ ಭಾವ ಮೈಯೊಳಗೂ ಇಳಿಯುವುದು. 1994ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಇಟಲಿಯನ್ನು ಸೋಲಿಸಿದಾಗ, ಕೆಲವು ಪ್ರೇಕ್ಷಕರ ಜೊಲ್ಲನ್ನು ಪಂದ್ಯದ ಮೊದಲೂ ಅನಂತರವೂ ಪರೀಕ್ಷಿಸಲಾಯಿತು. ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಬ್ರೆಜಿಲಿನ ಪಕ್ಷಪಾತಿಗಳಲ್ಲಿ ಏರಿತ್ತು, ಇಟಲಿಯವರಲ್ಲಿ ಇಳಿದಿತ್ತು. ಕುಳಿತು ನೋಡಿದವರಲ್ಲಿ ಇಷ್ಟು! ಪರೀಕ್ಷೆಗೊಳಗಾದವರು ಕೆಲವರೇ, ನಿಜ. ಆದರೂ ತಂಡದ ಸೋಲು ತನ್ನ ಸೋಲೆಂದೂ ತಂಡಕ್ಕಾದ ಅನ್ಯಾಯ ತನ್ನ ಅವಮಾನವೆಂದೂ ಅಭಿಮಾನಿಗೆ ತೋರುವುದು ಬರಿಯ ನಟನೆಯಲ್ಲವೆಂಬುದಕ್ಕೆ ಇದೊಂದು ಸುಳಿವು.

ನೋಯುವುದು ಒಂದು, ನೋಯಿಸುವುದು ಮತ್ತೊಂದು. ಅದೇ 2023ರ ಮೇ 21ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿರಾಟ್ ಕೊಹ್ಲಿ ಶತಕ ಬಾರಿಸಿದರೂ, ಎದುರಾಳಿ ಶುಭಮನ್ ಗಿಲ್ ಅವರ ಶತಕದಿಂದ ಬೆಂಗಳೂರಿನ ಕ್ರಿಕೆಟ್ ತಂಡ ಸೋತು ಸ್ಪರ್ಧೆಯಿಂದ ಹೊರಬಿದ್ದಿತು. ಆ ರಾತ್ರಿ ಗಿಲ್ ಅವರಿಗೆ ಮಾತ್ರವಲ್ಲ, ಅವರ ಸಹೋದರಿಗೂ ಹೊಲಸು ಬೈಗುಳಗಳು ಹೋದವು. ಆಕೆ ಬ್ಯಾಟು ಹಿಡಿದಿದ್ದಳೆ? ಬೈದವರಲ್ಲಿ ಎಷ್ಟು ಮಂದಿ, ಆಕೆ ತಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದರೆ, ಆ ಮಾತನ್ನು ಆಡುತ್ತಿದ್ದರು?

ಹೆಸರು ಮರೆಸಿಕೊಳ್ಳುವ ಸೌಕರ್ಯವೇ ಇದಕ್ಕೆ ಕಾರಣವೆಂದು ಹಲವರ ನಂಬಿಕೆ. ಆದರೆ 2021ರ ಜುಲೈ 11ರಂದು ಯೂರೋಪಿನ ಅಂತಿಮ ಪಂದ್ಯದಲ್ಲಿ ಪೆನಾಲ್ಟಿ ತಪ್ಪಿದ ಇಂಗ್ಲೆಂಡಿನ ಮೂವರು ಕರಿಯ ಆಟಗಾರರನ್ನು ಜನಾಂಗದ ಹೆಸರೆತ್ತಿ ನಿಂದಿಸಿದವರ ಲೆಕ್ಕ ತೆಗೆದಾಗ ಬೇರೆಯೇ ಸಂಗತಿ ಹೊರಬಿದ್ದಿತು. ಟ್ವಿಟರ್ ಸಂಸ್ಥೆ ತಾನು ತಡೆಹಿಡಿದ ಖಾತೆಗಳಲ್ಲಿ ನೂರಕ್ಕೆ 99ರ ಒಡೆಯರು ಗುರುತಿಸಬಹುದಾದವರೆ ಎಂದಿತು. ಮುಸುಕೇ ಕಾರಣವೆಂಬ ವಾದ ಇಲ್ಲಿಗೆ ನಿಲ್ಲುವುದಿಲ್ಲ.

ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಲಾಪಿಡಾಟ್-ಲೆಫ್ಲರ್ ಮತ್ತು ಬರಾಕ್ 71 ಜೋಡಿಗಳನ್ನು ಗಣಕಯಂತ್ರದ ಮೂಲಕ ವಾದಕ್ಕೆ ಹಚ್ಚಿದರು. ಕೆಲವರಿಗೆ ಎದುರಾಳಿಯ ಹೆಸರು ತಿಳಿದಿತ್ತು, ಕೆಲವರಿಗಿಲ್ಲ. ಕೆಲವರಿಗೆ ಆಳು ಕಾಣುತ್ತಿದ್ದನು, ಕೆಲವರಿಗಿಲ್ಲ. ಇನ್ನು ಕೆಲವರಿಗೆ ಕಣ್ಣಿಗೆ ಕಣ್ಣು ಸೇರುವಂತೆ ಕ್ಯಾಮೆರಾ ಅಳವಡಿಸಿದ್ದರು. 2012ರಲ್ಲಿ ಹೊರಬಂದ ಫಲಿತಾಂಶದಂತೆ, ಬಿರುನುಡಿಗೆ ಮುಖ್ಯ ಕಾರಣ ಹೆಸರಿಲ್ಲದಿರುವುದಲ್ಲ, ಕಣ್ಣು ಕಾಣದಿರುವುದು. ಕನ್ನಡಿಗರಿಗೆ ಇದು ತೀರ ಹೊಸ ಮಾತಲ್ಲ. ನಮ್ಮ ಹಿರಿಯರು ಇದಕ್ಕೆ ಮುಖದಾಕ್ಷಿಣ್ಯವೆಂದು ಹೆಸರಿಟ್ಟು ಎಷ್ಟೋ ಕಾಲವಾಯಿತು! ಕಂಬಳದ ಅಂಚಿನಲ್ಲಿ ಗಂಟಲು ಹರಿಯುವಂತೆ ಕೂಗಿದವನಿಗೂ ಪಕ್ಕದಲ್ಲೇ ಎದುರು ಪಕ್ಷದವನ ಮುಖ ಕಾಣುತ್ತಿರುವುದು.

ದೂರವಾಣಿಯ ತೆರೆಯಲ್ಲಿ ಆ ಮುಖವಿಲ್ಲ, ಮೇಲಾಗಿ ಕೋಪಕ್ಕೆ ರೆಕ್ಕೆಗಳಿವೆ. ರಾಜಕೀಯ ವಿಷಯಗಳ ಮೇಲಿನ ಐದೂವರೆ ಲಕ್ಷಕ್ಕೂ ಮೀರಿದ ಸಂದೇಶಗಳನ್ನು 2017ರಲ್ಲಿ ವಿಂಗಡಿಸಿದ ಬ್ರೇಡಿ ಮತ್ತು ಸಂಗಡಿಗರು, ನೀತಿಯನ್ನೂ ಆವೇಶವನ್ನೂ ಒಟ್ಟಿಗೆ ಹೊತ್ತ ಪದ ಒಂದೊಂದು ಸೇರಿದಂತೆಲ್ಲ ಸಂದೇಶದ ಹರಡುವಿಕೆ ನೂರಕ್ಕೆ ಸುಮಾರು 20ರಷ್ಟು ಏರುವುದೆಂದು ಕಂಡರು. ಅದು ಹರಡುವುದು ಹೆಚ್ಚಾಗಿ ಸ್ವಪಕ್ಷದವರಲ್ಲಿಯೆ. ಎದುರು ಪಕ್ಷದವರನ್ನು ಮುಟ್ಟುವುದು ಕಡಿಮೆ.

ಮುಖವನ್ನು ತೋರಿಸಲಾಗದಿದ್ದರೂ ಕೈಯನ್ನಾದರೂ ತಡೆಯಬಹುದೆ? ಇದನ್ನೂ ಪರೀಕ್ಷಿಸಿರುವರು. ಬೈಗುಳವೆಂದು ತೋರುವ ಉತ್ತರವನ್ನು ಬರೆದವನಿಗೆ, ಕಳುಹಿಸುವ ಮೊದಲು ಇನ್ನೊಮ್ಮೆ ಓದಿಕೊಳ್ಳುವಿರಾ ಎಂದು ಟ್ವಿಟರ್ ಕೇಳತೊಡಗಿತು. 2021ರ ಮೇ ತಿಂಗಳಲ್ಲಿ ಆ ಸಂಸ್ಥೆ ಕೊಟ್ಟ ಲೆಕ್ಕದಂತೆ, ನೂರಕ್ಕೆ 34 ಮಂದಿ ಮಾತನ್ನು ತಿದ್ದಿದರು ಅಥವಾ ಕಳುಹಿಸದೆ ಬಿಟ್ಟರು. ಮಿಕ್ಕ 66 ಮಂದಿ ಇದ್ದಂತೆಯೆ ಕಳುಹಿಸಿದರು.