ಮಣ್ಣುದಾರಿಯ ಸೈಕಲ್ ಸವಾರಿಗೆ ಅಗ್ಗದ ನಕ್ಷೆ

ಪ್ರಶ್ನೆ: ಭಾನುವಾರ ಯಲಹಂಕದಿಂದ ಹೊರಟು ನಂದಿ ಬೆಟ್ಟದ ಸುತ್ತಲಿನ ಮಣ್ಣುದಾರಿಗಳಲ್ಲಿ ಸೈಕಲ್ ತುಳಿಯುತ್ತೇವೆ. ವಿವರವಾದ ನಕ್ಷೆ ಬೇಕು, ಆದರೆ ಜಿಪಿಎಸ್ ಸಾಧನ ದುಬಾರಿ. ಏನು ಮಾಡಲಿ?

ಉತ್ತರ: ಅದನ್ನು ಕೊಳ್ಳಲೇಬೇಡಿ. ನಿಮ್ಮ ಮೊಬೈಲಿನ ಜಿಪಿಎಸ್ ಉಪಗ್ರಹಗಳಿಂದಲೇ ಸಂಕೇತ ಹಿಡಿಯುತ್ತದೆ. ಸಿಮ್ ಇಲ್ಲದ ಹಳೆಯ ಫೋನಾದರೂ ಸಾಕು. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆಂಡ್ ಆ್ಯಪ್ ಹಾಕಿಕೊಂಡು, ಹೊರಡುವ ಮುಂಚೆ ಮನೆಯಲ್ಲೇ ಕರ್ನಾಟಕದ ನಕ್ಷೆ ಇಳಿಸಿಕೊಳ್ಳಿ. ಎರಡಕ್ಕೂ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರ. ಸ್ವಯಂಸೇವಕರು ಗುರುತಿಸಿದ ಕಾಲುದಾರಿ, ಗಾಡಿಜಾಡುಗಳು ಅದರಲ್ಲಿ ಸಿಗುತ್ತವೆ.

ಆದರೂ ಕಾಗದ ಜೊತೆಗಿರಲಿ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಬ್ಯಾಟರಿಯೂ ಮುಗಿಯುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಗಳು ಇದಕ್ಕೆ ಅತ್ಯುತ್ತಮ. 2017ರಿಂದ ಅವನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಡಲಾರಂಭಿಸಿದರು. ನಕ್ಷೆಯ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಕಂದು ಬಣ್ಣದ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು. ನಿಮಗೆ ಬೇಕಾದ ತುಂಡನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿ. 'ನೂರಕ್ಕೆ ನೂರು ಅಳತೆಯಲ್ಲೇ ಹಾಕಿ' ಎಂದು ಒತ್ತಿ ಹೇಳಿ. ಪುಟಕ್ಕೆ ಹೊಂದಿಸಿ ಕುಗ್ಗಿಸಿದರೆ ದೂರದ ಲೆಕ್ಕವೆಲ್ಲ ತಪ್ಪುತ್ತದೆ.

ಹಾಳೆಯ ಮೇಲಿನ ಸಮೀಕ್ಷೆಯ ವರ್ಷವನ್ನೂ ನೋಡಿ. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಸಮೀಕ್ಷೆ ಅದಕ್ಕಿಂತ ಹಳೆಯದಾದರೆ ಗುಡ್ಡ, ಹಳ್ಳಗಳಿಗೆ ಆ ಹಾಳೆಯನ್ನು ನಂಬಿ. ರಸ್ತೆಗಳು ಆಮೇಲೆ ಬದಲಾಗಿರಬಹುದು, ಅವಕ್ಕೆ ಮೊಬೈಲನ್ನೇ ನೋಡಿ.