ಹುತ್ತರಿಯ ರೋಹಿಣಿಯೂ ಶಾಲೆಯ ಅಂಗಳದ ತಾರಾಲಯವೂ

ಕೊಡಗಿನಲ್ಲಿ ಹುತ್ತರಿಯ ದಿನ ನಿಶ್ಚಯವಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ. ನವೆಂಬರ್ ಕೊನೆಯಲ್ಲಿಯೋ ಡಿಸೆಂಬರಿನಲ್ಲಿಯೋ ಹುಣ್ಣಿಮೆಯ ಆಸುಪಾಸಿಗೆ ರೋಹಿಣಿ ನಕ್ಷತ್ರ ಕೂಡುವ ಇರುಳು ಕದಿರು ತೆಗೆಯಲು ಮುಹೂರ್ತ. ನೆರೆ ಕಟ್ಟಲು ಇಷ್ಟು ಗಂಟೆ, ಕದಿರು ಕೊಯ್ಯಲು ಇಷ್ಟು ಗಂಟೆ ಎಂದು ಪತ್ರಿಕೆಗಳಲ್ಲಿಯೂ ಅಚ್ಚಾಗುತ್ತದೆ. ಆ ರಾತ್ರಿ ಗದ್ದೆಯ ಬದುವಿನ ಮೇಲೆ ನಿಂತವರನ್ನು "ರೋಹಿಣಿ ಯಾವುದು?" ಎಂದು ನಾವು ಹಲವು ಸಲ ಕೇಳಿದ್ದುಂಟು. ಪಂಚಾಂಗದಲ್ಲಿದೆ ಎಂಬ ಉತ್ತರ ದೊರೆತಿದೆಯೇ ಹೊರತು ಬೆರಳೆತ್ತಿ ತೋರಿಸಿದವರು ವಿರಳ. ಹಾಗೆಂದು ಯಾರನ್ನೂ ಹಳಿಯುವಂತಿಲ್ಲ. ನಲವತ್ತು ದಾಟುವವರೆಗೆ ನಾವೂ ಅದೇ ಸಾಲಿನಲ್ಲಿ ನಿಂತವರೇ.

ರೋಹಿಣಿಯನ್ನು ಹುಡುಕುವುದು ಕಷ್ಟವಲ್ಲ. ಡಿಸೆಂಬರಿನ ಮುನ್ನಿರುಳಿನಲ್ಲಿ ಮೂಡಣ ದಿಕ್ಕಿನಲ್ಲಿ ಒಂದರ ಮೇಲೊಂದು ಇಟ್ಟಂತೆ ಮೂರು ನಕ್ಷತ್ರಗಳ ಸಾಲು ಏಳುತ್ತದೆ. ಆ ಗೆರೆಯನ್ನು ಮೇಲಕ್ಕೆ ಎಳೆದರೆ ಕೆಂಪು ಛಾಯೆಯ ರೋಹಿಣಿ, ಕೆಳಕ್ಕೆ ಎಳೆದರೆ ಬಿಳಿಯ ಲುಬ್ಧಕ. ರೋಹಿಣಿಯ ಬೆಳಕು ನಮ್ಮನ್ನು ಮುಟ್ಟಲು ಸುಮಾರು 65 ವರ್ಷ ಬೇಕು. ಇಂದು ಮೊಮ್ಮಗಳ ಕಣ್ಣಿಗೆ ಬೀಳುವ ಕಿರಣ ಅಲ್ಲಿಂದ ಹೊರಟಾಗ ಅವಳ ಅಜ್ಜಿ ಲಂಗ ತೊಟ್ಟ ಹುಡುಗಿ. ಈ ಮಾತನ್ನು ಕೇಳಿದ ಮಗು ಮತ್ತೊಮ್ಮೆ ಮೇಲೆ ನೋಡದೆ ಇರಲಾರದು.

ಇಂತಹ ಮಾತುಗಳನ್ನು ಹೊತ್ತು ಊರೂರಿಗೆ ಬರುವ ಕಾರ್ಯಕ್ರಮಗಳು ನಮ್ಮ ನಾಡಿನಲ್ಲಿವೆ. ಕೊಡಗಿಗೆ ಹತ್ತಿರದ ದೊಡ್ಡ ತಾರಾಲಯಗಳೆಂದರೆ ಮಂಗಳೂರಿನ ಪಿಲಿಕುಳದ್ದು ಮತ್ತು 1989ರಿಂದ ಇರುವ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ. ಲೈನ್ ಮನೆಯಲ್ಲಿ ಬೆಳೆಯುವ ತೋಟದ ಕೂಲಿಯವರ ಮಗು ಅಲ್ಲಿಗೆ ಹೋಗಿಬರುವುದು ಎಂದಿಗೆ? ಆದುದರಿಂದ ತಾರಾಲಯವೇ ಮಗುವಿನ ಬಳಿಗೆ ಬರಬೇಕು. ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 'ಶಾಲೆಗಳ ಅಂಗಳದಲ್ಲಿ ತಾರಾಲಯ' ಎಂಬ ಹೆಸರಿನಲ್ಲಿ ಸಂಚಾರಿ ತಾರಾಲಯಗಳನ್ನು ಹೊರಡಿಸಿದ್ದು ಈ ಉದ್ದೇಶದಿಂದಲೇ. ಇಂತಹ ಸಂಚಾರಿ ತಾರಾಲಯದ ಗುಮ್ಮಟ ದಪ್ಪ ಬಟ್ಟೆಯದು. ಫ್ಯಾನಿನ ಗಾಳಿ ತುಂಬಿದಂತೆ ಅದು ಉಬ್ಬಿ ನಿಲ್ಲುತ್ತದೆ, ಮಕ್ಕಳು ತಲೆ ಬಗ್ಗಿಸಿ ಒಳಗೆ ನುಸುಳುತ್ತಾರೆ. ದೀಪ ಆರಿದ ಮೇಲೆ ನಡುಹಗಲಿನಲ್ಲಿಯೇ ಆಕಾಶ ತೆರೆದುಕೊಳ್ಳುತ್ತದೆ. ಆಷಾಢ, ಶ್ರಾವಣಗಳಲ್ಲಿ ತಿಂಗಳುಗಟ್ಟಲೆ ಒಂದು ನಕ್ಷತ್ರವನ್ನೂ ಕಾಣದ ಜಿಲ್ಲೆಯಲ್ಲಿ ಇದು ಸಣ್ಣ ಉಪಕಾರವಲ್ಲ.

ಬಂಡಿಯಲ್ಲಿ ವಿಜ್ಞಾನವನ್ನು ಒಯ್ಯುವ ಯೋಚನೆ ಹಳೆಯದು. ಕೋಲ್ಕತ್ತದ ಬಿರ್ಲಾ ವಸ್ತುಸಂಗ್ರಹಾಲಯದ ಪ್ರದರ್ಶನ ಬಸ್ಸು ಹಳ್ಳಿಗಳತ್ತ ಹೊರಟದ್ದು 1965ರಲ್ಲಿ. ನಮ್ಮ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಬಸ್ಸುಗಳೂ ದಕ್ಷಿಣದ ಊರುಗಳನ್ನು ಸುತ್ತಿವೆ. 1987ರ ಭಾರತ ಜನ ವಿಜ್ಞಾನ ಜಾಥಾ ಹಾಡು, ಬೀದಿ ನಾಟಕಗಳೊಂದಿಗೆ ಬಂತು. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದ ವ್ಯಾನುಗಳು ಅಗ್ಗದ ಸಾಮಗ್ರಿಯ ಮಾದರಿಗಳನ್ನು ಸರ್ಕಾರಿ ಶಾಲೆಗಳ ಜಗಲಿಯ ಮೇಲೆ ಹರಡುತ್ತವೆ. ಇವೆಲ್ಲವುಗಳ ತತ್ವ ಒಂದೇ: ಕೇಳಿದ್ದಕ್ಕಿಂತ ಕೈಯಲ್ಲಿ ಹಿಡಿದದ್ದು ಗಟ್ಟಿ.

ಆದರೆ ತತ್ವವು ಶಾಲೆಯ ಗೇಟಿನ ಬಳಿ ನಿಂತುಬಿಡುವುದೂ ಉಂಟು. ಒಂದೂರಿನಲ್ಲಿ, ಹೆಸರು ಬೇಡ, ಇಂತಹ ಪ್ರದರ್ಶನ ಬಂದ ದಿನ ನಾವು ಅಲ್ಲಿದ್ದೆವು. ಮುನ್ನೂರು ಮಕ್ಕಳನ್ನು ಕೈಕಟ್ಟಿಸಿ ಸಾಲಿನಲ್ಲಿ ಸಾಗಿಸಲಾಯಿತು. ಮೇಷ್ಟರು ಕೋಲು ಹಿಡಿದು "ಮುಟ್ಟಬೇಡಿ, ಮುಟ್ಟಬೇಡಿ" ಎನ್ನುತ್ತಲೇ ಇದ್ದರು. ಪ್ರದರ್ಶನದೊಂದಿಗೆ ಬಂದಿದ್ದ ತರುಣನಾದರೋ "ಮುಟ್ಟಲಿ ಸಾರ್, ಅದಕ್ಕೇ ತಂದದ್ದು" ಎಂದು ಎರಡು ಸಲ ಬೇಡಿದ. ಮೇಷ್ಟರದೂ ತಪ್ಪೆನ್ನಲಾರೆವು. ಮುರಿದರೆ ಹೊಣೆ ಯಾರು ಎಂಬುದು ಅವರ ಚಿಂತೆ. ಆದರೆ ಅಂದು ಮನೆಗೆ ಹೋದ ಮಕ್ಕಳು ಏನನ್ನು ಕಲಿತು ಹೋದರು?

ಇದಕ್ಕೆ ಎದುರಾದ ಚಿತ್ರ 2019ರ ಡಿಸೆಂಬರ್ 26ರದು. ಅಂದಿನ ಕಂಕಣ ಸೂರ್ಯಗ್ರಹಣದ ಪಥ ಕಾಸರಗೋಡಿನ ಚೆರುವತ್ತೂರಿನ ಮೇಲಿಂದ ಹಾದು ದಕ್ಷಿಣ ಕೊಡಗನ್ನು ದಾಟಿತು. ಕುಟ್ಟದ ಬಳಿಯ ಕಾಯಿಮಾನಿಯಲ್ಲಿ ಹೊರ ಜಿಲ್ಲೆಗಳಿಂದಲೂ ಜನ ಬಂದು ನೆರೆದರು. ಬೆಳಿಗ್ಗೆ ಸುಮಾರು 9.30ಕ್ಕೆ ಎರಡು ಮೂರು ನಿಮಿಷಗಳ ಕಾಲ ಸೂರ್ಯ ಬಳೆಯಾದನು. ಗ್ರಹಣದ ಕನ್ನಡಕವಿಲ್ಲದವರಿಗೂ ದಾರಿಯಿತ್ತು. ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲವೂ ಸೂರ್ಯನ ಬಿಂಬಗಳೇ. ಗ್ರಹಣದ ಹೊತ್ತಿಗೆ ಅವು ಒಂದೊಂದೂ ಕುಡುಗೋಲಾಗಿ, ಕಡೆಗೆ ಪುಟ್ಟ ಬಳೆಗಳಾಗುತ್ತವೆ. ಕಾಫಿ ತೋಟದ ನೆರಳು ಮರಗಳ ಕೆಳಗೆ ಬಿಳಿಯ ಪಂಚೆಯೊಂದನ್ನು ಹಾಸಿದರೆ ಸಾಕು, ಅಥವಾ ಅಡಿಗೆಮನೆಯ ಜರಡಿಯನ್ನು ಬಿಸಿಲಿಗೆ ಹಿಡಿದರೂ ಸಾಕು. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ ಇವುಗಳಿಂದ ಮಾತ್ರ ನೋಡಲಾಗದು, ಕಣ್ಣಿಗೆ ಕೇಡು.

ಅದೇ ಬೆಳಿಗ್ಗೆ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಗ್ರಹಣಕಾಲದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು, ವಾಸಿಯಾಗುವುದೆಂಬ ನಂಬಿಕೆಯಿಂದ. ಸುದ್ದಿ ಓದಿ ನಾವೆಲ್ಲ ಮರುಗಿದೆವು. ಆದರೆ ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಪರಂಪರೆಯವರೆಂದು ಹೇಳಿಕೊಳ್ಳುವ ನಮ್ಮವರಲ್ಲಿಯೂ ಅಂದು ಒಲೆ ಹೊತ್ತಿಸದ, ಮಕ್ಕಳನ್ನು ಹೊಸಿಲು ದಾಟಗೊಡದ ಮನೆಗಳಿದ್ದವು. ಅನ್ಯರನ್ನು ದೂರುವ ಮುನ್ನ ಇದನ್ನು ಹೇಳಿಬಿಡುವುದು ಲೇಸು. ಅಂತಹ ಮನೆಯ ಮಗು ಕಾಯಿಮಾನಿಯ ಬಳೆಯನ್ನು ಕಾಣಲಿಲ್ಲ. ಆ ನೋಟವನ್ನು ಅದಕ್ಕೆ ಮರಳಿ ಕೊಡಲು ಯಾವ ಬಸ್ಸಿಗೂ ಸಾಧ್ಯವಿಲ್ಲ.

ಈ ಸೀಮೆಗೆ ಗ್ರಹಣ ನೋಡುವವರು ಬಂದದ್ದು ಅದೇ ಮೊದಲಲ್ಲ. 1871ರ ಡಿಸೆಂಬರ್ 12ರ ಖಗ್ರಾಸ ಗ್ರಹಣಕ್ಕೆ ಇಂಗ್ಲೆಂಡಿನ ನಾರ್ಮನ್ ಲಾಕಯರ್ ತಂಡ ಬೇಕಲದಲ್ಲಿ ಬೀಡುಬಿಟ್ಟಿತ್ತು. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದನೆನ್ನುವ ಅದೇ ಬೇಕಲ ಕೋಟೆ. ಫ್ರಾನ್ಸಿನ ಜಾನ್ಸೆನ್ ನೀಲಗಿರಿಯಲ್ಲಿದ್ದ. ಸಮುದ್ರ ದಾಟಿ ಅವರು ಬಂದದ್ದು ಕೆಲವೇ ನಿಮಿಷಗಳ ನೋಟಕ್ಕಾಗಿ.

ಇನ್ನು ಮುಂದಿನ ಮಾತು. ಬಂಡಿ ಬರುವುದು ವರ್ಷಕ್ಕೊಂದು ದಿನ, ಕೆಲವು ಶಾಲೆಗಳಿಗೆ ಅದೂ ಇಲ್ಲ. ಉಳಿದ ದಿನಗಳಿಗೆ ಯಾರು? ಕೆಲವು ಶಾಲೆಗಳಿಗೆ ದಾನಿಗಳು ದೂರದರ್ಶಕ ಕೊಡಿಸಿದ್ದಾರೆ. ಅದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ. ಕೊಡಗಿನ ಥಂಡಿಗೆ ಅದು ಸಹಜ. ದಾನ ಕೊಡುವವರು ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನೂ, ಬಳಸಬಲ್ಲ ಒಬ್ಬ ಮನುಷ್ಯನನ್ನೂ ಜೊತೆಗೆ ಕೊಟ್ಟರೆ ಪೂರ್ಣವಾದೀತು.

ನಮ್ಮ ಕಣ್ಣು ಗ್ರಂಥಾಲಯದ ಮೇಲಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರು ಬಂದಿದೆ. ಅರಿವು ಎಂಬ ಮಾತಿನ ತೂಕವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಶಾಲೆ ಮುಚ್ಚಿದಾಗಲೂ ಗ್ರಂಥಾಲಯ ತೆರೆದಿರುತ್ತದೆ, ಆಕಾಶವೋ ಶಾಲೆಯ ವೇಳಾಪಟ್ಟಿಯನ್ನು ಕೇಳುವುದಿಲ್ಲ. 2031ರ ಮೇ 21ರಂದು ಮತ್ತೊಂದು ಕಂಕಣ ಗ್ರಹಣ ಕೇರಳದ ದಕ್ಷಿಣ ಭಾಗವನ್ನೂ ತಮಿಳುನಾಡನ್ನೂ ಹಾದುಹೋಗಲಿದ್ದು, ಕೊಡಗಿಗೆ ದೊಡ್ಡ ಪಾರ್ಶ್ವಗ್ರಹಣ. ಅದು ಬೇಸಿಗೆ ರಜೆಯ ಕಾಲ.

ಅಲ್ಲಿಯವರೆಗೆ ಕಾಯಬೇಕೆಂದೇನೂ ಇಲ್ಲ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ಆದಕಾರಣ ವರ್ಷಕ್ಕೆ ಎರಡು ದಿನ, ಏಪ್ರಿಲ್ 23 ಮತ್ತು ಆಗಸ್ಟ್ 20ರ ಸುಮಾರಿಗೆ, ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ನಿಂತು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಆಗಸ್ಟಿನದನ್ನು ಮಳೆ ನುಂಗುತ್ತದೆ, ಏಪ್ರಿಲಿನದು ನಮ್ಮದು. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ನಮ್ಮ ಕುಟುಂಬಗಳು ತಮ್ಮೂರಿನ ಗ್ರಂಥಾಲಯದ ಅಂಗಳದಲ್ಲಿ ಇದನ್ನು ಏರ್ಪಡಿಸಬಹುದು. ಒಂದು ನೇರವಾದ ಕೋಲು, ಅದನ್ನು ನೆಟ್ಟಗೆ ನಿಲ್ಲಿಸಲು ಗಾರೆ ಕೆಲಸದವರ ತೂಗುಗುಂಡು, ಒಂದು ಸೀಮೆಸುಣ್ಣ, ಒಂದು ಗಡಿಯಾರ. ಹನ್ನೆರಡಕ್ಕೇ ನಡುಹಗಲೆಂದು ಮಕ್ಕಳು ವಾದಿಸುತ್ತಾರೆ, ವಾದಿಸಲಿ. ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಅವರೇ ಗುರುತು ಹಾಕುತ್ತ ಬಂದರೆ, ನೆರಳು ಇಲ್ಲವಾಗುವುದು 12.25ರ ಸುಮಾರಿಗೆ ಎಂಬುದನ್ನು ಅವರೇ ಕಾಣುತ್ತಾರೆ. ನಮ್ಮ ಗಡಿಯಾರದ ಕಾಲ ಮೂಡಣದ ದೂರದ ರೇಖಾಂಶವೊಂದಕ್ಕೆ ಸೇರಿದ್ದೆಂಬ ಪಾಠವನ್ನು ಆಮೇಲೆ ಹೇಳಿದರಾಯಿತು. ಹೂಮಳೆಯ ಮೋಡ ಅಡ್ಡ ಬಂದರೆ ಕೋಲನ್ನು ಕೀಳುವುದು ಬೇಡ. ಮರುದಿನ ಮೀಟರು ಉದ್ದದ ಕೋಲಿನ ನೆರಳು ಬೆರಳಗಲಕ್ಕಿಂತ ಹೆಚ್ಚು ಇರಲಾರದು.