ಬಡಲೋಹಗಳ ಪರುಸಗುಣ: ಕಬ್ಬಿಣ ಮತ್ತು ನಿಕ್ಕಲ್ ವೇಗವರ್ಧಕಗಳನ್ನು ಕುರಿತು

ನಮ್ಮ ಜನಪದ ಕಥನಗಳಲ್ಲಿ ಲೋಹಗಳಿಗೂ ಒಂದು ಶ್ರೇಣಿಯುಂಟು. ಹೊನ್ನು ಎಲ್ಲಕ್ಕೂ ಮೇಲೆ, ಬೆಳ್ಳಿ ಅದರ ಕೆಳಗೆ, ತಾಮ್ರ ಹಿತ್ತಾಳೆಗಳು ನಡುವೆ, ಕಟ್ಟಕಡೆಯಲ್ಲಿ ಕಬ್ಬಿಣ. ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣದ ತುಂಡೊಂದನ್ನು ಕಾವಲಿಗೆ ಇಡುವ ಜನರೇ ದೇವರ ಒಡವೆಗೆ ಅದನ್ನು ಬಳಸುವುದಿಲ್ಲ. ಪರುಸದ ಕಲ್ಪನೆಯಲ್ಲಿಯೂ ಈ ಶ್ರೇಣಿ ಕದಲಿಲ್ಲ. ಪರುಸವು ಮುಟ್ಟುತ್ತದೆ, ಕಬ್ಬಿಣವು ಹೊನ್ನಾಗುತ್ತದೆ, ಪರುಸ ಮಾತ್ರ ಸವೆಯುವುದಿಲ್ಲ. ತಾನು ಸವೆಯದೆ ಇನ್ನೊಂದನ್ನು ಮಾರ್ಪಡಿಸುವ ಇಂತಹ ಗುಣಕ್ಕೆ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1835ರಲ್ಲಿ ಹೆಸರಿಟ್ಟನು. ಕನ್ನಡದಲ್ಲಿ ನಾವು ಅದನ್ನು ವೇಗವರ್ಧನೆ ಎನ್ನುತ್ತೇವೆ. ಕೈಗಾರಿಕೆಯ ಇತಿಹಾಸದಲ್ಲಿ ಮಾತ್ರ ಪಾತ್ರಗಳು ಅದಲುಬದಲಾಗಿವೆ. ಅಲ್ಲಿ ಪರುಸದ ಪೀಠದಲ್ಲಿ ಬಂದು ಕುಳಿತದ್ದು ಕಬ್ಬಿಣವೇ. ಪ್ರಸ್ತುತ ಲೇಖನವು ಈ ಪಲ್ಲಟವನ್ನು ಪರಿಶೀಲಿಸುವ ಒಂದು ಪ್ರಯತ್ನ.

ವೇಗವರ್ಧಕವನ್ನು ವಿವರಿಸುವಾಗ ಹಾಲಿಗೆ ಹಾಕುವ ಹೆಪ್ಪಿನ ಉದಾಹರಣೆ ಕೊಡಬೇಕೆನಿಸುವುದು ಸಹಜ. ಆದರೆ ಅದು ಪೂರ್ತಿಯಾಗಿ ಹೊಂದುವುದಿಲ್ಲ. ಹೆಪ್ಪು ಜೀವಂತ ವಸ್ತು. ಹಾಲನ್ನುಂಡು ಬೆಳೆಯುತ್ತದೆ, ಇಂದಿನ ಮೊಸರೇ ನಾಳಿನ ಹೆಪ್ಪಾಗುತ್ತದೆ. ಲೋಹದ ವೇಗವರ್ಧಕ ಬೆಳೆಯುವುದೂ ಇಲ್ಲ, ತೀರುವುದೂ ಇಲ್ಲ. ಬೆಟ್ಟ ಹತ್ತಿಳಿದು ಸೇರಬೇಕಾದ ಊರಿಗೆ ಕಣಿವೆಯ ಕಾಲುದಾರಿ ತೋರಿಸುವವನಂತೆ ಅದರ ಕೆಲಸ. ಊರು ಬದಲಾಗದು, ದಾರಿ ಬದಲಾಗುತ್ತದೆ. ಈ ಮಿತಿಯನ್ನು ನೆನಪಿನಲ್ಲಿಡುವುದು ಅಗತ್ಯ. ಮುಂದೆ ಹೇಳುವ ಅನೇಕ ಸಂಗತಿಗಳ ಕೀಲು ಅಲ್ಲಿದೆ.

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಬೆಳೆ ಅದನ್ನು ನೇರವಾಗಿ ಉಣ್ಣಲಾರದು. ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಈ ಬಿಗಿಯನ್ನು ಬಿಡಿಸಿ, ಜಲಜನಕದೊಡನೆ ಕೂಡಿಸಿ ಅಮೋನಿಯಾ ಮಾಡುವ ಪ್ರಯೋಗವನ್ನು ಫ್ರಿಟ್ಜ್ ಹಾಬರ್ 1909ರ ಜುಲೈನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ತೋರಿಸಿದನು. ಅವನ ವೇಗವರ್ಧಕ ಆಸ್ಮಿಯಂ, ಭೂಮಿಯ ಅತಿ ವಿರಳ ಲೋಹಗಳಲ್ಲೊಂದು. ಬಿಎಎಸ್‌ಎಫ್ ಕಂಪನಿಯು ಆಗ ಲಭ್ಯವಿದ್ದ ಆಸ್ಮಿಯಂ ದಾಸ್ತಾನನ್ನು, ಸುಮಾರು ನೂರು ಕಿಲೋಗ್ರಾಂ, ಕೊಂಡಿತೆಂದು ಇತಿಹಾಸಕಾರರು ಬರೆಯುತ್ತಾರೆ. ಜಗತ್ತಿನ ಹೊಲಗಳಿಗೆ ಗೊಬ್ಬರ ಒದಗಿಸಬೇಕಾದ ಕೆಲಸಕ್ಕೆ ಅದು ಯಾವ ಮೂಲೆಗೂ ಸಾಲದು. ಹಾಬರ್ ಪ್ರಯತ್ನಿಸಿದ ಯುರೇನಿಯಂ ಕೂಡ ತುಟ್ಟಿಯ ವಸ್ತುವೇ.

ಲುಡ್ವಿಗ್‌ಶಾಫೆನ್‌ನಲ್ಲಿ ಆಲ್ವಿನ್ ಮಿಟಾಷ್ ಮತ್ತು ಅವನ ಸಂಗಡಿಗರು ಕೈಗೊಂಡ ಹುಡುಕಾಟವು ಇಲ್ಲಿ ವಿವರವಾದ ಅವಲೋಕನಕ್ಕೆ ಅರ್ಹವಾದುದು. ಒಂದೊಂದಕ್ಕೆ ಎರಡೇ ಗ್ರಾಂ ಮಾದರಿ ಸಾಕಾಗುವ ಸಣ್ಣ ಒತ್ತಡದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಅವರು ಸಿಕ್ಕ ಸಿಕ್ಕ ಲೋಹ, ಅದಿರುಗಳನ್ನೆಲ್ಲ ಪರೀಕ್ಷಿಸಿದರು. ಶುದ್ಧ ಕಬ್ಬಿಣವು ನಿರಾಶೆ ತಂದಿತು. ಆದರೆ 1909ರ ನವೆಂಬರಿನಲ್ಲಿ ಸ್ವೀಡನ್ನಿನ ಗೆಲ್ಲಿವಾರೆ ಗಣಿಯ ಮ್ಯಾಗ್ನಟೈಟ್ ಅದಿರು ಅನಿರೀಕ್ಷಿತವಾಗಿ ಒಳ್ಳೆಯ ಫಲ ಕೊಟ್ಟಿತು. ಅದೇ ಕಬ್ಬಿಣ; ಒಂದೆಡೆ ಸೋಲು, ಇನ್ನೊಂದೆಡೆ ಗೆಲುವು. ವ್ಯತ್ಯಾಸವಿದ್ದುದು ಅದಿರಿನ ಕಲಬೆರಕೆಯಲ್ಲಿ ಎಂದು ಮಿಟಾಷ್ ಊಹಿಸಿದನು. ಆಮೇಲೆ ಬೇಕೆಂದೇ ಬೆರಕೆ ಮಾಡುತ್ತ ಹೋದರು. 1912ರ ಆರಂಭದ ವೇಳೆಗೆ ಸುಮಾರು 2,500 ಮಾದರಿಗಳ ಮೇಲೆ 6,500ರಷ್ಟು ಪರೀಕ್ಷೆಗಳು ನಡೆದಿದ್ದವು. ಕೊನೆಗೆ ನಿಂತದ್ದು ಮ್ಯಾಗ್ನಟೈಟ್‌ಗೆ ತುಸು ಅಲ್ಯುಮಿನಾ, ತುಸು ಪೊಟ್ಯಾಷ್, ತುಸು ಸುಣ್ಣ ಸೇರಿಸಿದ ಮಿಶ್ರಣ. ಅಲ್ಯುಮಿನಾ ಕಬ್ಬಿಣದ ಸೂಕ್ಷ್ಮ ಕಣಗಳು ಕಾವಿಗೆ ಒಂದಕ್ಕೊಂದು ಬೆಸೆದುಕೊಳ್ಳದಂತೆ ತಡೆಯುತ್ತದೆ. ಪೊಟ್ಯಾಷ್, ಕಬ್ಬಿಣವು ಸಾರಜನಕಕ್ಕೆ ಎಲೆಕ್ಟ್ರಾನುಗಳನ್ನು ಸುಲಭವಾಗಿ ನೀಡುವಂತೆ ಮಾಡುತ್ತದೆ. ಕಬ್ಬಿಣದ ಮೈಮೇಲೆ ಸಾರಜನಕದ ಬಂಧ ಹೇಗೆ ಕಳಚುತ್ತದೆ ಎಂಬುದನ್ನು ಹಂತಹಂತವಾಗಿ ಬಿಡಿಸಿ ತೋರಿಸಿದ ಗೆರ್ಹಾರ್ಡ್ ಎರ್ಟಲ್ ಅವರಿಗೆ ನೊಬೆಲ್ ಬಂದದ್ದು 2007ರಲ್ಲಿ. ಅಂದರೆ ಮೊದಲು ಕೈಗೆ ತಿಳಿಯಿತು, ಬಹುಕಾಲದ ಅನಂತರ ಬುದ್ಧಿಗೆ ತಿಳಿಯಿತು. ಕುಲುಮೆಯ ಕಸುಬುದಾರರ ಜ್ಞಾನವನ್ನು ಅಧ್ಯಯನ ಮಾಡಿರುವ ನಮಗೆ ಇದು ಹೊಸತೇನಲ್ಲ.

ಕುಲುಮೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬಹುದು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಕಡೆ ಮಳೆಗಾಲದ ಹಳ್ಳಗಳು ಬೆಟ್ಟದಿಂದ ಕೊಚ್ಚಿ ತರುವ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಇಂತಹ ಕರಿಮರಳಿನ ಮುಖ್ಯ ಖನಿಜ ಮ್ಯಾಗ್ನಟೈಟ್. ನಮ್ಮ ಕಸುಬುದಾರರು ನೇಗಿಲ ಗುಳಕ್ಕೆಂದು ಆಯ್ದ ಖನಿಜವೇ ನೂರು ವರ್ಷದ ಅನಂತರ ಇನ್ನೊಂದು ದಾರಿಯಿಂದ ಹೊಲಕ್ಕೆ ಇಳಿಯಿತು.

ಕಬ್ಬಿಣದ ವೇಗವರ್ಧಕವನ್ನು ಬಳಸಿದ ಓಪ್ಪೌ ಕಾರ್ಖಾನೆ 1913ರಲ್ಲಿ ಆರಂಭವಾಯಿತು. ಮರುವರ್ಷವೇ ಯುದ್ಧ ಬಂದು, ಅದೇ ಅಮೋನಿಯಾ ಸಿಡಿಮದ್ದಿನ ದಾರಿಯನ್ನೂ ಹಿಡಿಯಿತು. ನಮ್ಮಲ್ಲಿ ಶ್ರೀರಂಗಪಟ್ಟಣದ ಬಳಿಯ ಬೆಳಗೊಳದಲ್ಲಿ 1940ರ ಸುಮಾರಿಗೆ ತಲೆಯೆತ್ತಿದ ಗೊಬ್ಬರದ ಕಾರ್ಖಾನೆಯು ದೇಶದ ಮೊದಮೊದಲ ಅಮೋನಿಯಾ ಕಾರ್ಖಾನೆಗಳಲ್ಲೊಂದು. ಹಳೆಯ ಮೈಸೂರಿನ ರೈತರು ಇಂತಹ ಗೊಬ್ಬರವನ್ನು ‘ಸರ್ಕಾರಿ ಗೊಬ್ಬರ’ ಎಂದು ಕರೆದರು. ಕೊಟ್ಟಿಗೆ ಗೊಬ್ಬರ ಮನೆಯದು, ಇದು ಹೊರಗಿನದು ಎಂಬ ವಿವೇಚನೆ ಆ ಹೆಸರಿನಲ್ಲಿಯೇ ಇದೆ. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಅನ್ನ ಈ ಕ್ರಿಯೆಯನ್ನು ಅವಲಂಬಿಸಿದೆಯೆಂದು ಅಂದಾಜು. ಆದರೂ ವೇಗವರ್ಧಕ ಅಗ್ಗವಾದ ಮಾತ್ರಕ್ಕೆ ಕ್ರಿಯೆ ಅಗ್ಗವಾಗಲಿಲ್ಲ. ಕಬ್ಬಿಣಕ್ಕೆ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟು ಕಾವಿನಲ್ಲಿ ಅಮೋನಿಯಾ ಮತ್ತೆ ಒಡೆಯತೊಡಗುವುದರಿಂದ ನೂರಕ್ಕೂ ಮಿಕ್ಕಿದ ವಾಯುಭಾರದ ಒತ್ತಡ ಹಾಕಲೇಬೇಕು. ಜಲಜನಕವು ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ ಬರುತ್ತದೆ. ದಾರಿ ತೋರಿಸುವವನು ಕೂಲಿ ಕೇಳದಿದ್ದರೂ ದಾರಿಯ ಬುತ್ತಿಯ ಖರ್ಚು ತಪ್ಪಲಿಲ್ಲ.

ನಿಕ್ಕಲ್‌ನ ಕಥೆ ಹೊಲದಿಂದ ಅಡುಗೆಮನೆಗೆ ಬರುತ್ತದೆ. 1897ರಲ್ಲಿ ಫ್ರಾನ್ಸಿನ ಪಾಲ್ ಸಬಾಟಿಯೆ ಮತ್ತು ಸಂದೆರಾಂ, ನಿಕ್ಕಲ್ ಪುಡಿಯ ಮೇಲೆ ಎಥಿಲೀನ್ ಅನಿಲಕ್ಕೆ ಜಲಜನಕ ಕೂಡುವುದನ್ನು ಕಂಡರು. ಪ್ಲಾಟಿನಂ, ಪಲೇಡಿಯಂಗಳ ಕೆಲಸವನ್ನು ಅಗ್ಗದ ಲೋಹವೊಂದು ಮಾಡಿತ್ತು. 1902ರಲ್ಲಿ ವಿಲ್ಹೆಲ್ಮ್ ನಾರ್ಮನ್ ದ್ರವರೂಪದ ಎಣ್ಣೆಯನ್ನು ಇದೇ ಬಗೆಯಲ್ಲಿ ಗಟ್ಟಿಮಾಡುವುದಕ್ಕೆ ಪೇಟೆಂಟ್ ಪಡೆದನು. ಅದರ ಫಲವಾದ ವನಸ್ಪತಿ, 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಭಾರತದ ಮಾರುಕಟ್ಟೆಗೆ ಬಂದಿತು. ಕ್ಷೇತ್ರಕಾರ್ಯದಲ್ಲಿ ನಾನು ಕಂಡ ಎಷ್ಟೋ ಹಿತ್ತಿಲುಗಳಲ್ಲಿ ತುಳಸಿ ಬೆಳೆದಿದ್ದುದು ಡಾಲ್ಡಾ ಡಬ್ಬದಲ್ಲಿ. ತುಪ್ಪಕ್ಕೆ ವನಸ್ಪತಿ ಬೆರೆಸಿ ಮಾರುವವರನ್ನು ಹಿಡಿಯಲು ಕಾನೂನು ಒಂದು ಉಪಾಯ ಮಾಡಿತು: ವನಸ್ಪತಿಯಲ್ಲಿ ಶೇಕಡಾ 5ರಷ್ಟಾದರೂ ಎಳ್ಳೆಣ್ಣೆ ಇರಬೇಕೆಂದು ವಿಧಿಸಿತು. ಎಳ್ಳೆಣ್ಣೆಯು ಬೋದ್ವಾಂ ಪರೀಕ್ಷೆಯಲ್ಲಿ ಕೆಂಬಣ್ಣ ತೋರುವುದರಿಂದ ಬೆರಕೆಯಾದ ತುಪ್ಪ ಸಿಕ್ಕಿಬೀಳುತ್ತಿತ್ತು. ಬೆರಕೆಯನ್ನು ಹಿಡಿಯಲು ಇನ್ನೊಂದು ಬೆರಕೆ!

ನಿಕ್ಕಲ್ ಇನ್ನೊಂದು ಸಾಲವನ್ನೂ ಬಿಟ್ಟುಹೋಯಿತು. ಎಣ್ಣೆಯ ಅಣುವಿನ ಜೋಡಿಬಂಧ ಲೋಹದ ಮೈಮೇಲೆ ಅರ್ಧ ತೆರೆದು, ಜಲಜನಕ ಪೂರ್ತಿ ಕೂಡುವ ಮೊದಲೇ ಮಗುಚಿಕೊಂಡು ಮತ್ತೆ ಮುಚ್ಚಿಬಿಡಬಹುದು. ಹಾಗೆ ಹುಟ್ಟುವುದೇ ಟ್ರಾನ್ಸ್ ಕೊಬ್ಬು. ಹೃದಯಕ್ಕೆ ಅದು ತರುವ ಕೇಡು ಸ್ಪಷ್ಟವಾದ ಮೇಲೆ, ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇಕಡಾ 2ನ್ನು ಮೀರಬಾರದೆಂಬ ನಿಯಮ ಬಂದಿದೆ.

ಗಂಧಕಾಮ್ಲದ ತಯಾರಿಕೆಯಲ್ಲಿ ಪ್ಲಾಟಿನಂ ಬದಲು ವೆನೇಡಿಯಂ ಆಕ್ಸೈಡ್ ನೆಲೆಗೊಂಡ ವೃತ್ತಾಂತವೂ ಇದೇ ಜಾಡಿನದು. ಅಲ್ಲಿ ಬೆಲೆಯಷ್ಟೇ ಅಲ್ಲ, ಪ್ಲಾಟಿನಂ ಆರ್ಸೆನಿಕ್‌ನ ಸೋಂಕಿಗೆ ಬೇಗ ಕೆಡುತ್ತಿತ್ತೆಂಬುದೂ ಕಾರಣ.

ಈಗಿನ ಹುಡುಕಾಟ ಔಷಧ ತಯಾರಿಕೆಯ ಸುತ್ತ ನಡೆದಿದೆ. ಇಂಗಾಲದ ಸರಪಣಿಗಳನ್ನು ಜೋಡಿಸುವ ಕೆಲಸದಲ್ಲಿ ಪಲೇಡಿಯಂನದೇ ಪಾರಮ್ಯ. 2010ರ ನೊಬೆಲ್ ಹೆಕ್, ನೆಗಿಶಿ, ಸುಜುಕಿ ಅವರಿಗೆ ಸಂದದ್ದು ಅದಕ್ಕಾಗಿಯೇ. ಆದರೆ ಪಲೇಡಿಯಂ ದುಬಾರಿ, ಗುಳಿಗೆಯಲ್ಲಿ ಅದರ ಉಳಿಕೆಗೆ ಕಟ್ಟುನಿಟ್ಟಾದ ಮಿತಿಯೂ ಇದೆ. ಕಬ್ಬಿಣ, ತಾಮ್ರ, ನಿಕ್ಕಲ್‌ಗಳತ್ತ ಕಣ್ಣು ಹೊರಳಿರುವುದು ಆದ್ದರಿಂದ. ಅಮೆರಿಕದ ಜೇ ಕೋಚಿ 1971ರಷ್ಟು ಹಿಂದೆಯೇ ಕಬ್ಬಿಣದಿಂದ ಇಂತಹ ಜೋಡಣೆ ಸಾಧ್ಯವೆಂದು ತೋರಿಸಿದ್ದರು. ಉತ್ಸಾಹವು ಎಡವಿದ್ದೂ ಉಂಟು. ಕಬ್ಬಿಣದ ಕ್ಲೋರೈಡಿನಿಂದ ನಡೆಯುತ್ತವೆಂದು ವರದಿಯಾಗಿದ್ದ ಕೆಲವು ಕ್ರಿಯೆಗಳನ್ನು ಸ್ಟೀಫನ್ ಬುಕ್‌ವಾಲ್ಡ್ ಮತ್ತು ಕಾರ್ಸ್ಟನ್ ಬೋಲ್ಮ್ 2009ರಲ್ಲಿ ಮರುಪರಿಶೀಲಿಸಿದರು. ಅತಿ ಶುದ್ಧವಾದ ಕ್ಲೋರೈಡ್ ಬಳಸಿದಾಗ ಇಳುವರಿ ಕುಸಿಯಿತು; ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ತಾಮ್ರ ಸೇರಿಸಿದಾಗ ಮತ್ತೆ ಏರಿತು. ಸೀಸೆಯಲ್ಲಿ ಅಡಗಿ ಕುಳಿತಿದ್ದ ಕಲಬೆರಕೆಯೇ ಕೆಲಸ ಮಾಡುತ್ತಿತ್ತು. ಗೆಲ್ಲಿವಾರೆಯ ಅದಿರಿನಲ್ಲಿ ಬೆರಕೆಯನ್ನು ಗುರುತಿಸಿದವರು ಅದಕ್ಕೆ ಸಲ್ಲಬೇಕಾದ ಪಾಲನ್ನು ಕೊಟ್ಟರು. ಇಲ್ಲಿ ಮಾತ್ರ, ಮೊದಲೇ ಅಚ್ಚಾಗಿಹೋದ ಪ್ರಬಂಧಗಳ ಶೀರ್ಷಿಕೆಗಳಲ್ಲಿ ಇಂದಿಗೂ ಕಬ್ಬಿಣದ ಹೆಸರೇ ಇದೆ.